ಶ್ವಾಸಕೋಶದ ಏರೊತ್ತಡ: ಯಾವ ಆಸ್ಪತ್ರೆಗೆ ಹೋಗಬೇಕು?

ಜೋಯಿಡಾ ಕಡೆಯ ಹಳ್ಳಿಯೊಂದರ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಎಂದು ಇಟ್ಟುಕೊಳ್ಳಿ. ಕೊಡ ಹೊತ್ತು ಏರು ಹತ್ತುವಾಗ ಏದುಸಿರು, ಒಮ್ಮೊಮ್ಮೆ ಕಣ್ಣು ಕತ್ತಲೆ, ಸಂಜೆಗೆ ಪಾದಗಳಲ್ಲಿ ಬಾವು. ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ನುಂಗಿದ್ದಾಯಿತು, ಆಸ್ತಮಾ ಇರಬಹುದೆಂದು ಪಂಪು ಎಳೆದದ್ದೂ ಆಯಿತು. ಕೊನೆಗೆ ಎಕೋ ಮಾಡಿಸಿದಾಗ ವರದಿಯಲ್ಲಿ ‘ಸಿವಿಯರ್ ಪಿ.ಎ.ಎಚ್.’ ಎಂದು ಬರೆದಿದೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಬಿ.ಪಿ. ಮಾತ್ರ ಸರಿಯಾಗಿಯೇ ಇದೆ!

ಇದು ಬೇರೆಯದೇ ರಕ್ತದೊತ್ತಡ. ಹೃದಯದ ಬಲಭಾಗ ರಕ್ತವನ್ನು ಶ್ವಾಸಕೋಶಗಳಿಗೆ ತಳ್ಳುತ್ತದೆ. ಆ ರಕ್ತನಾಳದಲ್ಲಿ ಸರಾಸರಿ ಒತ್ತಡ ಸುಮಾರು 14 ಮಿಲಿಮೀಟರ್ ಪಾದರಸದಷ್ಟಿದ್ದರೆ ಸಹಜ. ವಿಶ್ರಾಂತಿಯಲ್ಲಿದ್ದಾಗಲೂ 20ನ್ನು ಮೀರಿದರೆ ಅದು ಪಲ್ಮನರಿ ಹೈಪರ್‌ಟೆನ್ಷನ್ ಎಂದು 2022ರ ಯುರೋಪಿಯನ್ ಮಾರ್ಗಸೂಚಿ ಹೇಳುತ್ತದೆ. ಒತ್ತಡ ಏರುತ್ತ ಹೋದಂತೆ ಹೃದಯದ ಬಲಭಾಗ ಹಿಗ್ಗಿ, ಕ್ರಮೇಣ ಸೋಲುತ್ತದೆ.

ಇದಕ್ಕೆ ಕಾರಣ ಒಂದೇ ಅಲ್ಲ. ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿರಬಹುದು. ಬಾಲ್ಯದ ಕೀಲುವಾತ ಜ್ವರದಿಂದ ಕವಾಟ ಕೆಟ್ಟಿರಬಹುದು. ವರ್ಷಗಟ್ಟಲೆ ಕುಡಿದ ಸೌದೆ ಒಲೆಯ ಹೊಗೆಯಿಂದ ಅಥವಾ ಹಳೆಯ ಕ್ಷಯದಿಂದ ಶ್ವಾಸಕೋಶ ಹಾಳಾಗಿರಬಹುದು. ಕಾಲಿನ ರಕ್ತನಾಳದಿಂದ ಹೋದ ಹೆಪ್ಪು ಅಲ್ಲಿಯೇ ಗಟ್ಟಿಯಾಗಿ ಕುಳಿತಿರಬಹುದು. ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ. ಕಾರಣ ಬೇರೆಯಾದರೆ ಚಿಕಿತ್ಸೆಯೂ ಬೇರೆ. ಸಿಲ್ಡೆನಾಫಿಲ್, ಬೊಸೆಂಟಾನ್‌ನಂಥ ಮಾತ್ರೆಗಳು ಶ್ವಾಸಕೋಶದ ರಕ್ತನಾಳಗಳೇ ಕಿರಿದಾಗಿರುವವರಿಗೆ ಉಪಕಾರಿ. ದೋಷ ಹೃದಯದ ಎಡಭಾಗದಲ್ಲಿದ್ದರೆ ಇಂಥ ಔಷಧಿಯಿಂದ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ. ಹೆಪ್ಪಿನಿಂದ ಬಂದದ್ದಾದರೆ ಅನೇಕರಿಗೆ ಶಸ್ತ್ರಚಿಕಿತ್ಸೆಯಿಂದಲೇ ಗುಣ ಕಾಣುತ್ತದೆ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಅದನ್ನು ಮಾಡುತ್ತಾರೆ. ಆದ್ದರಿಂದ ಎಕೋ ವರದಿಯ ಒಂದು ಸಾಲನ್ನು ನೋಡಿ ಮಾತ್ರೆ ಆರಂಭಿಸುವುದು ಸರಿಯಲ್ಲ.

ಸರಿ, ಪರಿಣತರು ಎಲ್ಲಿದ್ದಾರೆಂದು ತಿಳಿಯುವುದು ಹೇಗೆ? ಅಮೆರಿಕದಲ್ಲಿ ಈ ರೋಗಿಗಳೇ ಸೇರಿ ಕಟ್ಟಿದ ಸಂಘವೊಂದು 2014ರಿಂದ ಆಸ್ಪತ್ರೆಗಳನ್ನು ಪರಿಶೀಲಿಸಿ, ಈ ಕಾಯಿಲೆಗೆಂದೇ ಮಾನ್ಯತೆ ನೀಡುತ್ತ ಬಂದಿದೆ. ಯುರೋಪಿನ ತಜ್ಞರು ಇನ್ನೊಂದು ಅಳತೆ ಇಟ್ಟರು: ಅಪರೂಪದ ಬಗೆಗಳ ಕನಿಷ್ಠ 50 ರೋಗಿಗಳನ್ನಾದರೂ ನೋಡಿಕೊಳ್ಳುತ್ತಿರಬೇಕು, ತಿಂಗಳಿಗೆ ಕನಿಷ್ಠ ಇಬ್ಬರು ಹೊಸಬರು ಬರುತ್ತಿರಬೇಕು. ಮಾಡಿದ ಕೈಗೇ ಕೆಲಸ ತಿಳಿಯುವುದು, ಅಡುಗೆಯಲ್ಲಿದ್ದಂತೆಯೇ.

ನಮ್ಮಲ್ಲಿ ದೊಡ್ಡ ಆಸ್ಪತ್ರೆಗಳ ಗೋಡೆಯ ಮೇಲೆ ಎನ್.ಎ.ಬಿ.ಎಚ್. ಪ್ರಮಾಣಪತ್ರ ಕಾಣುತ್ತದೆ. ಅದು ಒಳ್ಳೆಯದೇ, ಸೋಂಕು ತಡೆ, ಔಷಧಿ ನಿರ್ವಹಣೆ, ರೋಗಿಯ ಸುರಕ್ಷತೆ ಇವೆಲ್ಲವನ್ನು ಪರೀಕ್ಷಿಸಿಯೇ ಕೊಡುತ್ತಾರೆ. ಆದರೆ ಶ್ವಾಸಕೋಶದ ಏರೊತ್ತಡದಲ್ಲಿ ಆ ಆಸ್ಪತ್ರೆ ಪಳಗಿದೆ ಎಂದು ಅದರ ಅರ್ಥವಲ್ಲ. ‘ಸೂಪರ್ ಸ್ಪೆಷಾಲಿಟಿ’ ಎಂಬ ಫಲಕವಂತೂ ಅದನ್ನು ಹೇಳುವುದೇ ಇಲ್ಲ.

ಹಾಗಾಗಿ ಮನೆಯವರೇ ಕೇಳಬೇಕು. ಇಂಥ ರೋಗಿಗಳನ್ನು ಇಲ್ಲಿ ನಿಯಮಿತವಾಗಿ ನೋಡುತ್ತೀರಾ? ಹೃದಯದ ಬಲಭಾಗಕ್ಕೆ ನಳಿಕೆ ಹಾಕಿ ಒತ್ತಡ ಅಳೆಯುವ ಪರೀಕ್ಷೆ ಇದೆಯೇ? ಹಳೆಯ ಹೆಪ್ಪು ಹುಡುಕುವ ವಿ.ಕ್ಯು. ಸ್ಕ್ಯಾನ್ ಇಲ್ಲಿಯೇ ಆಗುತ್ತದೆಯೋ, ಬೇರೆಡೆ ಕಳಿಸುತ್ತೀರೋ? ಹೃದಯ ತಜ್ಞರೂ ಶ್ವಾಸಕೋಶ ತಜ್ಞರೂ ಕೂಡಿ ತೀರ್ಮಾನಿಸುತ್ತಾರೆಯೇ? ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ದಾಂಡೇಲಿ, ಹಳಿಯಾಳ, ಮುಂಡಗೋಡದವರಿಗೆ ಘಟ್ಟ ಇಳಿದು ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗುವುದಕ್ಕಿಂತ ಧಾರವಾಡ, ಹುಬ್ಬಳ್ಳಿ ಹತ್ತಿರ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ 2022ರಲ್ಲಿ ದನಿ ಎತ್ತಿದ್ದು ನೆನಪಿರಬಹುದು. ಮೊದಲ ತಪಾಸಣೆ, ಎಕೋ ಹುಬ್ಬಳ್ಳಿ-ಧಾರವಾಡದಲ್ಲಿ ಆಗುತ್ತದೆ. ಬಗೆ ನಿರ್ಧಾರವಾಗದಿದ್ದರೆ ಬೆಂಗಳೂರಿಗೆ ಒಂದು ಸಲ ಹೋಗಿಬರುವುದು ದಂಡವಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಮೊದಲೇ ಕೇಳಿಕೊಳ್ಳಿ. ಹಳೆಯ ಎಕೋ, ಎಕ್ಸ್-ರೇ, ನುಂಗಿದ ಮಾತ್ರೆಗಳ ಚೀಟಿ ಎಲ್ಲವೂ ಚೀಲದಲ್ಲಿರಲಿ.

ಚಿಕಿತ್ಸೆ ಶುರುವಾದ ಮೇಲೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಸಿಲ್ಡೆನಾಫಿಲ್ ಎಂದೊಡನೆ ಔಷಧಿ ಅಂಗಡಿಯಲ್ಲಿ ಯಾರಾದರೂ ನಕ್ಕರೆ ನಗಲಿ. ಆದರೆ ಎದೆನೋವಿಗೆ ನಾಲಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆಯೊಂದಿಗೆ ಅದು ಸೇರಿದರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ಈ ರೋಗವಿರುವ ಹೆಣ್ಣುಮಕ್ಕಳಿಗೆ ಗರ್ಭಧಾರಣೆ ಪ್ರಾಣಕ್ಕೇ ಅಪಾಯ ತರಬಹುದು, ಬೊಸೆಂಟಾನ್ ಹೊಟ್ಟೆಯಲ್ಲಿರುವ ಮಗುವಿಗೂ ಹಾನಿಕರ. ಮದುವೆ ಮಾತುಕತೆಗೆ ಮೊದಲೇ, ಮದುವೆಯಾಗಿದ್ದರೆ ಗಂಡನನ್ನೂ ಕರೆದುಕೊಂಡು, ವೈದ್ಯರೊಡನೆ ಈ ವಿಷಯ ಮಾತಾಡಿ.