ಹಳೆಯ ಪಿಕಪ್ ಸ್ಟಾರ್ಟ್ ಆಗುತ್ತಿಲ್ಲವೇ? ಏರ್ ಲಾಕ್ ನೋಡಿ

ಹೊಸೂರು: ರಾಯಕೋಟೆಯ ಟೊಮೆಟೊ, ಶೂಳಗಿರಿಯ ಕೊತ್ತಂಬರಿ ಹೊತ್ತು ಬೆಳಗಿನ ಜಾವ ಬೆಂಗಳೂರಿಗೆ ಹೊರಟ ಪಿಕಪ್ ನಡುದಾರಿಯಲ್ಲಿ ನಿಂತರೆ ಸೊಪ್ಪು ಬಾಡುತ್ತದೆ, ಅಂದಿನ ಬೆಲೆಯೂ ಹೋಗುತ್ತದೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರಿರಬಹುದು. ಟ್ಯಾಂಕ್ ಬರಿದಾದಾಗ, ಫಿಲ್ಟರ್ ಬದಲಿಸಿದಾಗ ಹೀಗಾಗುವುದುಂಟು. ಪಂಪ್ ಒತ್ತಿದಾಗ ಗಾಳಿ ಕುಗ್ಗಿಬಿಡುತ್ತದೆ. ಇಂಜೆಕ್ಟರ್ ತೆರೆಯುವಷ್ಟು ಒತ್ತಡ ಹುಟ್ಟುವುದೇ ಇಲ್ಲ.

ಟ್ಯಾಂಕಿಗೆ ಡೀಸೆಲ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದೆ ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10 ಸೆಕೆಂಡು ಸಾಕು. ಗಾಳಿ ತೆಗೆಯದೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಸಿಕೊಳ್ಳುವವರೇ ಹೆಚ್ಚು!

ಮರುದಿನವೂ ಅದೇ ಗೋಳಾದರೆ ಟ್ಯಾಂಕಿನಿಂದ ಬರುವ ರಬ್ಬರ್ ಪೈಪ್, ಕ್ಲಿಪ್, ವಾಷರ್ ನೋಡಿ. ಹೊರಗೆ ಒಂದು ಹನಿ ಸೋರದಿದ್ದರೂ ಅಲ್ಲಿಂದ ಗಾಳಿ ಎಳೆದುಕೊಳ್ಳಬಹುದು.

ಇದೆಲ್ಲ ಮೆಕ್ಯಾನಿಕಲ್ ಪಂಪಿನ ಹಳೆಯ ಗಾಡಿಗಳಿಗೆ ಮಾತ್ರ. ಕಾಮನ್ ರೈಲ್ ಎಂಜಿನ್ನಿನ ಹೈ ಪ್ರೆಷರ್ ಪೈಪಿಗೆ ಸ್ಪ್ಯಾನರ್ ಹಾಕಲೇಬೇಡಿ. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.