ಹೆಸರನ್ನೊಲ್ಲದ ಸಭೆ

ಪಾಶ್ಚಾತ್ಯ ಮಿಷನರಿಗಳು ಈ ದೇಶಕ್ಕೆ ಬರುವಾಗ ತಮ್ಮ ಧರ್ಮದ ಜೊತೆಗೆ ತಮ್ಮ ತಮ್ಮ ನಾಡುಗಳ ಮತಭೇದಗಳನ್ನೂ ತಂದಿದ್ದರಾಗಿ, ಒಂದೇ ಊರಿನಲ್ಲಿ ಒಂದೇ ಸತ್ಯವೇದವನ್ನು ಓದುವ ಜನರು ಆಂಗ್ಲಿಕನ್, ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಲೂಥರನ್ ಎಂಬ ಬೇರೆ ಬೇರೆ ನಾಮಧೇಯಗಳನ್ನು ಹೊತ್ತು ಬೇರೆ ಬೇರೆ ದೇವಾಲಯಗಳಿಗೆ ಹೋಗುವಂತಾಯಿತು. ಯಾವ ಕಾಲದಲ್ಲೋ ಯೂರೋಪಿನಲ್ಲಿ ಹುಟ್ಟಿದ ವಿವಾದಗಳು ನಮ್ಮ ಹಳ್ಳಿಯ ರೈತನ ಪಾಲಿಗೂ ಬಂದವು. ಅವನಿಗೆ ಆ ವಿವಾದದ ಕಾರಣ ತಿಳಿಯದು, ಫಲ ಮಾತ್ರ ತಪ್ಪದು. ಈ ಭೇದವನ್ನು ಕಳೆಯುವುದಕ್ಕೆ ಒಂದು ಮಾರ್ಗವು ಸಂಧಾನದ್ದಾಗಿದ್ದಿತು: ದಶಕಗಳ ಮಾತುಕತೆಯ ತರುವಾಯ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ಹಲವು ಪಂಗಡಗಳು ಒಂದುಗೂಡಿ, ಇಂದು ನಾವು ಸಿ.ಎಸ್.ಐ. ಎಂದು ಕರೆಯುವ ದಕ್ಷಿಣ ಭಾರತ ಸಭೆಯು ರೂಪುಗೊಂಡಿತು.

ಇನ್ನೊಂದು ಮಾರ್ಗವನ್ನು ಅದೇ ನಗರದಲ್ಲಿ ಆರು ವರ್ಷ ಮೊದಲೇ, 1941ರಲ್ಲಿ, ಕೆಲವೇ ಜನರು ಹಿಡಿದಿದ್ದರು. ಪಂಗಡಗಳನ್ನು ಕೂಡಿಸುವ ಗೋಜಿಗೆ ಹೋಗದೆ ಪಂಗಡದ ಹೆಸರನ್ನೇ ತ್ಯಜಿಸಿದ ಇವರು, ಪಲ್ಲಾವರದ ಬೆಟ್ಟದ ಮೇಲೆ ಇರುಳೆಲ್ಲ ಪ್ರಾರ್ಥನೆಯಲ್ಲಿ ಕಳೆದು, ಇಳಿದುಬಂದ ಮೇಲೆ ಮದರಾಸಿನಲ್ಲಿ ಬಾಡಿಗೆಯ ಮನೆಯೊಂದನ್ನು ಹಿಡಿದು ಆರಾಧನೆಗೆ ಕೂಡತೊಡಗಿದರು. ಆ ಮನೆಗೆ ಯೆಹೆಜ್ಕೇಲನ ಗ್ರಂಥದ ಕೊನೆಯಲ್ಲಿ ಬರುವ 'ಯೆಹೋವ ಶಮ್ಮಾ' ಎಂಬ ಹೆಸರನ್ನಿಟ್ಟರು. ಕೂಡುವ ಜನರಿಗೆ ಮಾತ್ರ ಯಾವ ಹೆಸರನ್ನೂ ಇಡಲಿಲ್ಲ. ಅಲ್ಲಿಂದ ಆಂಧ್ರ, ತಮಿಳುನಾಡುಗಳ ಊರೂರಿಗೆ ಹಬ್ಬಿ, ನಮ್ಮ ಬೆಂಗಳೂರಿನಲ್ಲಿಯೂ ನೆಲೆಯೂರಿದ ಈ ಸ್ಥಳೀಯ ಸಭೆಗಳ ಒಳಜೀವನವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಇವುಗಳ ಮೂಲಪುರುಷರಾದ ಭಕ್ತ ಸಿಂಗರು ದಕ್ಷಿಣದವರಲ್ಲ, ಹುಟ್ಟಿನಿಂದ ಕ್ರೈಸ್ತರೂ ಅಲ್ಲ. ಇಂದು ಪಾಕಿಸ್ತಾನದಲ್ಲಿರುವ ಪಶ್ಚಿಮ ಪಂಜಾಬಿನ ಸಿಖ್ ಮನೆತನವೊಂದರಲ್ಲಿ 1903ರಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ಮಿಷನ್ ಶಾಲೆಯಲ್ಲಿ ಓದುತ್ತಿದ್ದಾಗ, ಬಹುಮಾನವಾಗಿ ದೊರೆತ ಸತ್ಯವೇದದ ಹಾಳೆಗಳನ್ನೆಲ್ಲ ಹರಿದೆಸೆದು, ಅಂದವಾಗಿದ್ದ ಚರ್ಮದ ಹೊದಿಕೆಯನ್ನಷ್ಟೇ ಉಳಿಸಿಕೊಂಡಿದ್ದರಂತೆ. ಯಂತ್ರಶಿಲ್ಪವನ್ನು ಕಲಿಯಲೆಂದು ಇಂಗ್ಲೆಂಡಿಗೂ ಅಲ್ಲಿಂದ ಕೆನಡಾಕ್ಕೂ ಹೋದ ಆ ತರುಣನು 1929ರ ಡಿಸೆಂಬರಿನಲ್ಲಿ ವಿನಿಪೆಗ್ ನಗರದಲ್ಲಿ ಗೆಳೆಯನೊಬ್ಬನಿಂದ ಅದೇ ಗ್ರಂಥವನ್ನು ಕೇಳಿ ಪಡೆದು ಯೋಹಾನನ ಸುವಾರ್ತೆಯನ್ನು ಓದುತ್ತ ಓದುತ್ತ ಬೇರೆಯೇ ಮನುಷ್ಯನಾದನು. 1933ರಲ್ಲಿ ಮುಂಬಯಿಯಲ್ಲಿ ಹಡಗಿನಿಂದಿಳಿದಾಗ ಎದುರುಗೊಳ್ಳಲು ಬಂದಿದ್ದ ತಾಯಿತಂದೆಗಳು, ವಿಶ್ವಾಸವನ್ನು ಗುಟ್ಟಾಗಿಟ್ಟುಕೊಂಡರೆ ಮನೆಗೆ ಬರಬಹುದೆಂದು ಬೇಡಿಕೊಂಡರು, ಭಕ್ತ ಸಿಂಗರು ಒಪ್ಪಲಿಲ್ಲ. ಒಪ್ಪದ ಮಗನನ್ನು ಬಂದರಿನ ಊರಿನಲ್ಲಿಯೇ ಬಿಟ್ಟು ಹಿಂದಿರುಗಿದ ಆ ಹೆತ್ತವರ ದುಃಖವೂ ಈ ಚರಿತ್ರೆಯ ಭಾಗವೇ. ಇಂದಿಗೂ ಈ ಸಭೆಗಳಲ್ಲಿ ಎದ್ದುನಿಂತು ಸಾಕ್ಷಿ ಹೇಳುವ ಎಷ್ಟೋ ಮಂದಿ ತಮ್ಮ ಮನೆಯ ಬಾಗಿಲಲ್ಲಿ ಅಂಥದೇ ವಿದಾಯವನ್ನು ಅನುಭವಿಸಿರುತ್ತಾರೆ.

ಭಾನುವಾರ ಬೆಳಿಗ್ಗೆ ಇಂತಹ ಸಭೆಗೆ ಮೊದಲ ಸಲ ಹೋದವರು ದೇವಾಲಯವನ್ನು ಅರಸಿ ಬೇಸ್ತುಬೀಳುವುದುಂಟು. ಏಕೆಂದರೆ ಅಲ್ಲಿ ಗೋಪುರವಿಲ್ಲ, ಗಂಟೆಯಿಲ್ಲ, ಪೀಠವಿಲ್ಲ, ಬೆಂಚುಗಳ ಸಾಲೂ ಇಲ್ಲ. ಬಾಗಿಲ ಹೊರಗೆ ಪಾದರಕ್ಷೆಗಳ ರಾಶಿ, ಒಳಗೆ ನೆಲದ ಮೇಲೆ ಹಾಸಿದ ಚಾಪೆಗಳು, ಒಂದು ಕಡೆ ಗಂಡಸರು, ಇನ್ನೊಂದು ಕಡೆ ತಲೆಯ ಮೇಲೆ ಸೆರಗು ಹೊದ್ದ ಹೆಂಗಸರು, ಗೋಡೆಗಳ ಮೇಲೆ ದೊಡ್ಡಕ್ಷರದಲ್ಲಿ ಬರೆದ ವಚನಗಳು, ನಡುವೆ ಬಿಳಿಯ ವಸ್ತ್ರ ಮುಚ್ಚಿದ ಒಂದು ಸಣ್ಣ ಮೇಜು. ಡೋಲಕ್ಕು, ಹಾರ್ಮೋನಿಯಂಗಳ ಜೊತೆಗೆ ಎದ್ದ ಹಾಡು ನಿಂತಮೇಲೆ ಒಂದಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಬಳಿಕ ಮೂಲೆಯಲ್ಲಿ ಕುಳಿತ ಯಾರೋ ಒಬ್ಬರು ಸ್ತೋತ್ರವೆಂದು ಆರಂಭಿಸಿ, ಕಳೆದ ವಾರ ಮಗುವಿನ ಜ್ವರ ಇಳಿದುದಕ್ಕೋ ಕೈಬಿಟ್ಟುಹೋಗಿದ್ದ ಕೆಲಸ ಮರಳಿ ಸಿಕ್ಕಿದುದಕ್ಕೋ ಮೊದಲುಗೊಂಡು ಕ್ರಿಸ್ತನ ಶಿಲುಬೆಯವರೆಗೆ ತಮ್ಮದೇ ಆಡುಮಾತಿನಲ್ಲಿ ಕೃತಜ್ಞತೆಯನ್ನು ನಿವೇದಿಸುವರು. ಅವರು ಮುಗಿಸುತ್ತಲೇ ಇನ್ನೊಬ್ಬರು. ಅವರ ಬಳಿಕ ಹೆಂಗಸರ ಸಾಲಿನಿಂದ ಒಂದು ಧ್ವನಿ. ಇದಕ್ಕೆ ಪಟ್ಟಿಯಿಲ್ಲ, ಸರದಿಯಿಲ್ಲ. ಕೊನೆಗೆ ಒಂದೇ ರೊಟ್ಟಿಯನ್ನು ಮುರಿದು ಕೈಯಿಂದ ಕೈಗೆ ದಾಟಿಸುವರು. ಮುರಿಯುವವರು ಪಾದ್ರಿಗಳಲ್ಲ, ವಾರದ ಉಳಿದ ದಿನಗಳಲ್ಲಿ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ದುಡಿಯುವ ಹಿರಿಯರು.

ಸಭೆಯವರು ತಮ್ಮ ಅನುಭವವನ್ನು ಹೇಳಿಕೊಳ್ಳುವಾಗ ಬೋಧನೆಗಿಂತ ಮೊದಲು ಈ ಮಾತಿನ ಅಧಿಕಾರವನ್ನೇ ನೆನೆಯುವರೆಂಬುದು ನನ್ನ ಗಮನಕ್ಕೆ ಬಂದ ಸಂಗತಿ. ಜೀವಮಾನವೆಲ್ಲ ಅಚ್ಚಿನ ಪುಸ್ತಕದ ಪ್ರಾರ್ಥನೆಗೆ ಆಮೆನ್ ಎಂದಷ್ಟೇ ದನಿಗೂಡಿಸಿದ್ದ ಗೃಹಿಣಿಯು, ಅಕ್ಷರ ಬಾರದ ತೋಟದ ಮಾಲಿಯು, ನಾಲ್ಕು ಜನರ ಮುಂದೆ ತೊದಲುವ ವಿದ್ಯಾರ್ಥಿಯು, ತನ್ನ ಮಾತು ಸಭೆಗೆ ಬೇಕಾದದ್ದೆಂದು ಅರಿಯುವ ಗಳಿಗೆಯು ಸಾಮಾನ್ಯವಾದುದಲ್ಲ. ಆ ಮೊದಲ ಪ್ರಾರ್ಥನೆಯು ಎರಡೇ ವಾಕ್ಯದ್ದಾಗಿದ್ದರೂ ಅಕ್ಕಪಕ್ಕದವರೆಲ್ಲ ಗಟ್ಟಿಯಾಗಿ ಆಮೆನ್ ಎಂದು ಅದನ್ನು ತಮ್ಮದಾಗಿ ಮಾಡಿಕೊಳ್ಳುವರು. ಪ್ರಾರ್ಥಿಸಿದವರಿಗೆ ಆ ದಿನವು ದೀಕ್ಷಾಸ್ನಾನದ ದಿನದಷ್ಟೇ ಸ್ಪಷ್ಟವಾಗಿ ನೆನಪಿರುವುದು. ದೇವಶಾಸ್ತ್ರದ ದೃಷ್ಟಿಯಿಂದ ಈ ಸಭೆಗಳ ಕುರಿತು ಯಾರು ಏನೇ ಹೇಳಲಿ, ಸಾಮಾನ್ಯನ ನಾಲಗೆಯನ್ನು ಬಿಡಿಸಿದ ಈ ಒಂದು ಕಾರ್ಯಕ್ಕೆ ನಾನು ಮನಸಾರೆ ಗೌರವ ಸಲ್ಲಿಸುತ್ತೇನೆ.

ಆರಾಧನೆಯು ಮೂರು ನಾಲ್ಕು ಗಂಟೆ ನಡೆಯುವುದರಿಂದ ಅಷ್ಟರಲ್ಲಿ ಹೊಟ್ಟೆಯೂ ತನ್ನ ಹಕ್ಕನ್ನು ಕೇಳುವುದು ಸಹಜ. ಆಗ ಬರುವುದು ಪ್ರೀತಿಭೋಜನ. ಅಡುಗೆಯ ಹೊಣೆ ಸಭೆಯವರದೇ: ಹಿಂದಿನ ಸಂಜೆಯೇ ಕೆಲವರು ಬಂದು ಈರುಳ್ಳಿ ಹೆಚ್ಚಿ, ಬೇಳೆ ಆರಿಸಿ, ಹಂಡೆಗಳನ್ನು ತೊಳೆದಿಟ್ಟಿರುವರು; ಬೆಳಿಗ್ಗೆ ಬೇಗನೆ ಒಲೆ ಹೊತ್ತಿಸುವರು. ಆರಾಧನೆ ಮುಗಿಯುತ್ತಲೇ ಚಾಪೆಗಳನ್ನು ಸುತ್ತಿ, ಅದೇ ನೆಲದ ಮೇಲೆ ಸಾಲಾಗಿ ಕುಳಿತು, ಅನ್ನ ಸಾರು ಪಲ್ಯಗಳನ್ನು ಎಲ್ಲರೂ ಒಟ್ಟಿಗೆ ಉಣ್ಣುವರು. ಕನ್ನಡಿಗನಿಗೆ ಇಲ್ಲಿ ಶರಣರ ದಾಸೋಹವು ನೆನಪಾಗದಿರದು. ಸಿಖ್ಖರ ಲಂಗರಿನ ನಡುವೆ ಬೆಳೆದ ಭಕ್ತ ಸಿಂಗರಿಗೆ ಈ ಪಂಕ್ತಿಯು ಹೊಸದೆನಿಸಿರಲಾರದು. ಜಾತಿಯ ನೆರಳು ಕ್ರೈಸ್ತರ ಮನೆಗಳಿಂದಲೂ ಪೂರ್ತಿಯಾಗಿ ಹೋಗದ ಈ ನಾಡಿನಲ್ಲಿ, ಯಾರು ಬೇಯಿಸಿದರೆಂದು ಕೇಳದೆ ಯಾರ ಪಕ್ಕದಲ್ಲಾದರೂ ಕುಳಿತು ವಾರಕ್ಕೊಮ್ಮೆ ಉಣ್ಣುವುದು ಎಷ್ಟು ದೊಡ್ಡ ಬೋಧನೆಯೆಂಬುದನ್ನು ವಿವರಿಸಬೇಕಾಗಿಲ್ಲ. ಉದ್ಯೋಗವನ್ನರಸಿ ಪರಸ್ಥಳಕ್ಕೆ ಬಂದು ಬಾಡಿಗೆಯ ಕೋಣೆಯಲ್ಲಿ ಒಂಟಿಯಾಗಿರುವ ಹುಡುಗರು ಅನೇಕರು ಮೊದಲು ಈ ಊಟದ ಮೂಲಕವೇ ಸಭೆಯೊಳಗೆ ಬಂದವರು.

ಪಾಶ್ಚಾತ್ಯ ವೇಷವನ್ನು ಕಳಚಿ ಕ್ರೈಸ್ತಧರ್ಮವು ಈ ನೆಲದ ನಡೆಯನ್ನು ಕಲಿಯಬೇಕೆಂಬ ಹಂಬಲವು ನಮ್ಮಲ್ಲಿಯೂ ಇದ್ದಿತು. ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ, 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದ ಉತ್ತಂಗಿ ಚನ್ನಪ್ಪನವರು ಅದನ್ನು ಪಾಂಡಿತ್ಯದ ದಾರಿಯಲ್ಲಿ ಅರಸಿದರು. ಭಕ್ತ ಸಿಂಗರು ಅದನ್ನು ಚಾಪೆಯ ಮೇಲೂ ಎಲೆಯ ಮುಂದೆಯೂ ಕಂಡರು.

ಹಣದ ವಿಷಯದಲ್ಲಿ ಇವರ ನಿಯಮ ಕಠಿನವಾದುದು. ವಿದೇಶದ ಮಿಷನ್ನಿನ ಸಂಬಳವಿಲ್ಲ, ಚಂದಾ ಎತ್ತುವುದಿಲ್ಲ, ಕೊರತೆಯನ್ನು ಹೊರಗಿನವರ ಮುಂದೆ ಹೇಳಿಕೊಳ್ಳುವುದಿಲ್ಲ. ಬ್ರಿಸ್ಟಲ್ ನಗರದ ಅನಾಥಾಲಯಗಳನ್ನು ಯಾರಲ್ಲಿಯೂ ಯಾಚಿಸದೆ ನಡೆಸಿದ ಜಾರ್ಜ್ ಮುಲ್ಲರರೂ, 1833ರಲ್ಲಿ ಭಾರತಕ್ಕೆ ಬಂದ ಅವರ ಭಾವಮೈದುನ ಆಂಟನಿ ನಾರಿಸ್ ಗ್ರೋವ್ಸರೂ ಹಾಕಿಕೊಟ್ಟ ಪದ್ಧತಿಯಿದು. ಇದರ ಅತ್ಯಂತ ದೊಡ್ಡ ಪರೀಕ್ಷೆ ನಡೆಯುವುದು ವಾರ್ಷಿಕ ಪರಿಶುದ್ಧ ಕೂಟಗಳಲ್ಲಿ. ಯಾಜಕಕಾಂಡದಲ್ಲಿ ಹೇಳಿದ ಹಬ್ಬಗಳ ಮಾದರಿಯಲ್ಲಿ 1941ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಆರಂಭವಾಗಿ, ಮುಂದೆ ಹೈದರಾಬಾದು, ಅಹಮದಾಬಾದು, ಕಾಲಿಂಪಾಂಗುಗಳಲ್ಲಿಯೂ ನಡೆದ ಈ ಕೂಟಗಳಿಗೆ ಸಾವಿರಾರು ಜನರು ಬರುವರು. ಚಪ್ಪರದ ಕೆಳಗೆ ಮಲಗುವರು, ದಿನಗಟ್ಟಲೆ ಉಣ್ಣುವರು, ವಚನಫಲಕಗಳನ್ನು ಹಿಡಿದು ಬೀದಿಗಳಲ್ಲಿ ಮೆರವಣಿಗೆ ಹೋಗುವರು. ಊಟಕ್ಕೆ ಇಷ್ಟೆಂದು ಯಾರಿಂದಲೂ ಕೇಳುವುದಿಲ್ಲ. ಅಂಥ ಕೂಟದಲ್ಲಿ ನೀರು ಹೊತ್ತವರು, ಎಲೆ ಎತ್ತಿದವರು, ಆ ದುಡಿಮೆಯನ್ನು ಪ್ರಸಂಗಕ್ಕಿಂತ ಹೆಚ್ಚು ಸಂತೋಷದಿಂದ ಸ್ಮರಿಸುವುದನ್ನು ಕೇಳಬೇಕು.

ಕಷ್ಟಗಳಿಲ್ಲವೆಂದಲ್ಲ. ಬಿಷಪ್ಪರಿಲ್ಲದ, ಮೇಲ್ಮಂಡಲಿಯಿಲ್ಲದ ಸಭೆಯಲ್ಲಿ ಹಿರಿಯರೊಳಗೆ ಭಿನ್ನಾಭಿಪ್ರಾಯ ಬಂದರೆ ಮೊರೆಯಿಡುವ ಸ್ಥಳವೊಂದಿಲ್ಲ. ಎದುರುಬದುರು ಕುಳಿತು ಪ್ರಾರ್ಥಿಸಿ ಬಗೆಹರಿಸಿಕೊಳ್ಳಬೇಕು, ಇಲ್ಲವೆ ಅಗಲಬೇಕು. ಉಡುಗೆ ತೊಡುಗೆಗಳ ಸರಳತೆಯು ಇಳಿವಯಸ್ಸಿನವರಿಗೆ ಸಮಾಧಾನವಾದರೂ ಎಳೆಯರಿಗೆ ಬಿಗಿಯೆನಿಸುವುದುಂಟು. ಹೆಸರನ್ನೊಲ್ಲದ ಈ ಜನರನ್ನು ಹೊರಗಿನವರು ಭಕ್ತ ಸಿಂಗರ ಸಭೆಯವರೆಂದೋ, ಹೈದರಾಬಾದಿನ ಅವರ ಕೇಂದ್ರದ ಹೆಸರಿನಿಂದ ಹೆಬ್ರೋನಿನವರೆಂದೋ ಕರೆಯತೊಡಗಿದುದನ್ನು ಅವರು ತಡೆಯಲಾಗಲಿಲ್ಲ. ಸಭೆಯವರು ಮಾತ್ರ ಇಂದಿಗೂ ತಮ್ಮನ್ನು ವಿಶ್ವಾಸಿಗಳೆಂದಷ್ಟೇ ಹೇಳಿಕೊಳ್ಳುವರು. ಕೊನೆಯ ವರ್ಷಗಳನ್ನು ಪಾರ್ಕಿನ್ಸನ್ ವ್ಯಾಧಿಯಿಂದ ಹಾಸಿಗೆಯಲ್ಲಿಯೇ ಕಳೆದ ಭಕ್ತ ಸಿಂಗರು 2000ದ ಸೆಪ್ಟೆಂಬರ್ 17ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ನಾರಾಯಣಗುಡದ ಸ್ಮಶಾನದವರೆಗೆ ಜನಸಾಗರವೇ ಹಿಂಬಾಲಿಸಿತು. ಒಬ್ಬ ವ್ಯಕ್ತಿಯ ಪ್ರಭಾವದಿಂದ ಬೆಳೆದ ಸಭೆಗಳು ಅವನ ನಂತರ ಬಾಡುವುವೆಂಬ ಭಯವಿದ್ದರೂ, ಒಂದೊಂದು ಊರಿನ ಸಭೆಯೂ ತನ್ನ ಹಿರಿಯರ ಆಡಳಿತದಲ್ಲಿ ತನ್ನ ಕಾಲಮೇಲೆ ನಿಲ್ಲಬೇಕೆಂಬ ಮೂಲನಿಯಮವೇ ಅವುಗಳನ್ನು ಕಾಯ್ದಿದೆ.

ಓದುಗರಲ್ಲಿ ಯಾರಿಗಾದರೂ ಕುತೂಹಲವಿದ್ದರೆ ಭಾನುವಾರ ಬೆಳಿಗ್ಗೆ ಹೋಗಿ ಬರಬಹುದು. ಯಾವ ಪಂಗಡದವರೆಂದು ಯಾರೂ ಕೇಳುವುದಿಲ್ಲ. ಮೇಜಿನ ಮೇಲಿನ ರೊಟ್ಟಿಯು ದೀಕ್ಷಾಸ್ನಾನವಾದ ವಿಶ್ವಾಸಿಗಳಿಗೆ ಮಾತ್ರ ಸಲ್ಲತಕ್ಕದ್ದಾದುದರಿಂದ ಹೊಸಬರು ಆ ಹೊತ್ತಿನಲ್ಲಿ ಸುಮ್ಮನೆ ಕುಳಿತಿದ್ದರಾಯಿತು. ಆದರೆ ಹಂಡೆಯಲ್ಲಿನ ಅನ್ನವು ಬಂದವರೆಲ್ಲರದು. ಅದು ಬಡಿಸುವ ಮೊದಲೇ ಎದ್ದು ಹೊರಟರೆ ಬಾಗಿಲಲ್ಲಿ ಯಾರಾದರೊಬ್ಬರು ಕೈಹಿಡಿದು ನಿಲ್ಲಿಸದೆ ಬಿಡುವುದಿಲ್ಲ.