ಕೆಲ್ಸೋದ ದೊಡ್ಡಮನೆಯಿಂದ ಕೋಲಾರದ ಗಣಿಯವರೆಗೆ

ವಿಕ್ಟೋರಿಯಾ ರಾಣಿಯ ಕಾಲದ ಸ್ಕಾಟ್ಲೆಂಡಿನ ಸಿರಿವಂತ ಮನೆತನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಲ್ಲಿನ ಮಹಲು, ಸುತ್ತಲಿನ ಹಸಿರು ಹುಲ್ಲುಗಾವಲು, ಬೇಟೆನಾಯಿ, ಔತಣಕೂಟ. ಸಿನಿಮಾಗಳು ತೋರಿಸಿದ್ದೂ ಅದನ್ನೇ, ಕಾದಂಬರಿಗಳು ಹೇಳಿದ್ದೂ ಅದನ್ನೇ. ಆ ಮಹಲಿನ ಖರ್ಚು ಎಲ್ಲಿಂದ ಹುಟ್ಟುತ್ತಿತ್ತು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗೆ ನಮ್ಮ ನೆಲದಿಂದಲೇ ಉತ್ತರ ಕೊಡುವ ಪುಸ್ತಕವೊಂದು 1894ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಬರೆದವನು ರಾಬರ್ಟ್ ಹೆನ್ರಿ ಎಲಿಯಟ್. ಸ್ಕಾಟ್ಲೆಂಡಿನ ಗಡಿಸೀಮೆಯಾದ ರಾಕ್ಸ್‌ಬರೋಶೈರಿನಲ್ಲಿ, ಕೆಲ್ಸೋ ಪಟ್ಟಣದ ಹತ್ತಿರ, ಕ್ಲಿಫ್ಟನ್ ಪಾರ್ಕ್ ಎಂಬ ಆಸ್ತಿಯ ಒಡೆಯ. ಪುಸ್ತಕದ ಹೆಸರು 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್'. ಚಿನ್ನ, ಬೇಟೆ, ಕಾಫಿ ಮೂರೂ ಒಂದೇ ರಟ್ಟಿನೊಳಗೆ! ವಿಕ್ಟೋರಿಯನ್ ಸಿರಿವಂತಿಕೆಯ ಚರಿತ್ರೆಯನ್ನು ಆ ಮಹಲುಗಳೊಳಗೆ ಮಾತ್ರ ಹುಡುಕಿದರೆ ಅರ್ಧ ಲೆಕ್ಕ ಸಿಗುತ್ತದೆ. ಉಳಿದರ್ಧ ಮಂಜರಾಬಾದಿನ ಕಾಫಿ ಗುಡ್ಡಗಳಲ್ಲಿ, ಬಂಗಾರಪೇಟೆಯ ಆಚೆಗಿನ ಗಣಿಗಳಲ್ಲಿ ಇದೆ ಎಂಬುದು ಈ ಲೇಖನದ ವಾದ.

ಮೊದಲು ಎಲಿಯಟ್ ಕುಲದ ಪರಿಚಯ ಆಗಬೇಕು. ಇಂಗ್ಲೆಂಡು ಮತ್ತು ಸ್ಕಾಟ್ಲೆಂಡಿನ ನಡುವಿನ ಗಡಿಯಲ್ಲಿ ಶತಮಾನಗಳ ಕಾಲ ಬಾಳಿದ ಈ ಕುಲ ಹಲವು ಕವಲುಗಳಾಗಿ ಒಡೆದಿತ್ತು. ಅವುಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಮಿಂಟೋ ಮನೆತನ. ಅದರ ಮೊದಲ ಲಾರ್ಡ್ 1807ರಿಂದ 1813ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದ. ನಾಲ್ಕನೆಯ ಅರ್ಲ್ 1905ರಿಂದ 1910ರವರೆಗೆ ವೈಸ್‌ರಾಯ್. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಹೆಸರು ಬಂದದ್ದು ಈ ವೈಸ್‌ರಾಯಿಯಿಂದಲೇ. ಅದೇ ಸೀಮೆಯ ವುಲ್ಫ್‌ಲೀ ಎಂಬ ಮನೆಯವನು ವಾಲ್ಟರ್ ಎಲಿಯಟ್. ಧಾರವಾಡ ಸೀಮೆಯಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಈತ 1824ರಲ್ಲಿ ಕಿತ್ತೂರು ಚೆನ್ನಮ್ಮನ ಕೋಟೆಯಲ್ಲಿ ಸೆರೆಯಾಗಿದ್ದ. ಬಿಡುಗಡೆಯಾದ ಮೇಲೆ ವರ್ಷಗಟ್ಟಲೆ ಕನ್ನಡ ನಾಡಿನ ಶಾಸನಗಳ ಪ್ರತಿಗಳನ್ನು ಮಾಡಿಸಿ ಕೂಡಿಟ್ಟ. ಕ್ಲಿಫ್ಟನ್ ಪಾರ್ಕಿನ ರಾಬರ್ಟ್ ಎಲಿಯಟ್‌ಗೆ ಅರ್ಲ್ ಎಂಬ ಪಟ್ಟವಿರಲಿಲ್ಲ. ಆದರೆ ಸ್ಕಾಟ್ಲೆಂಡಿನಲ್ಲಿ ಗೌರವದ ಬೇರು ಇದ್ದದ್ದು ಭೂಮಿಯಲ್ಲಿ. ಪಟ್ಟವಿಲ್ಲದ ಭೂಮಾಲೀಕನಿಗೂ ಊರಿನಲ್ಲಿ ಒಡೆಯನ ಸ್ಥಾನವಿತ್ತು. ಒಬ್ಬ ಆಳಲು ಬಂದ, ಒಬ್ಬ ಶಾಸನ ಓದಲು ಕೂತ, ಒಬ್ಬ ತೋಟ ಮಾಡಿದ. ಒಂದೇ ಕುಲದ ಮೂರು ಕವಲಿಗೂ ನಮ್ಮ ನಾಡಿನ ನಂಟು ಇತ್ತೆಂಬುದು ಬರಿಯ ಕಾಕತಾಳೀಯವಲ್ಲ.

ಅದಕ್ಕೆ ಕಾರಣ ಆ ಸಮಾಜದ ಕಟ್ಟಳೆಯಲ್ಲೇ ಇತ್ತು. ತಂದೆಯ ಆಸ್ತಿ ಹೋಳಾಗದಂತೆ ಹಿರಿಮಗನಿಗೆ ಹೋಗುತ್ತಿತ್ತು. ಮಿಕ್ಕ ಮಕ್ಕಳು ಸೈನ್ಯ, ಇಗರ್ಜಿ, ವಕೀಲಿಕೆ ಇಲ್ಲವೇ ಸಾಮ್ರಾಜ್ಯದ ಯಾವುದೋ ಮೂಲೆಯಲ್ಲಿ ಬದುಕು ಕಟ್ಟಿಕೊಳ್ಳಬೇಕಾಗಿತ್ತು. ಇದರ ಮೇಲೆ 1870ರ ದಶಕದ ಕೊನೆಯಿಂದ ಅಮೆರಿಕದ ಗೋಧಿ ಅಗ್ಗದ ದರದಲ್ಲಿ ಹಡಗಿನಲ್ಲಿ ಬಂದು ಬಿತ್ತು. ಧಾನ್ಯದ ಬೆಲೆ ಕುಸಿಯಿತು, ಗೇಣಿ ಇಳಿಯಿತು. ಎಕರೆಗಟ್ಟಲೆ ನೆಲವಿದ್ದೂ ಕೈಯಲ್ಲಿ ಕಾಸಿಲ್ಲದ ಸ್ಥಿತಿ ಹಲವು ದೊಡ್ಡಮನೆಗಳಿಗೆ ಬಂತು. ಹೊರನಾಡಿನ ತೋಟ, ರೈಲು, ಗಣಿಗಳ ಆದಾಯ ಬೇಕಾದದ್ದು ಆಗಲೇ. ರಾಬರ್ಟ್ ಎಲಿಯಟ್ ಇದಕ್ಕೆ ಮುಂಚೆಯೇ, 1850ರ ದಶಕದಲ್ಲಿ, ಇಂದಿನ ಸಕಲೇಶಪುರದ ಸುತ್ತಲಿನ ಮಂಜರಾಬಾದ್ ಸೀಮೆಗೆ ಬಂದು ಕಾಫಿ ಹಾಕಿದ್ದ. 1860ರ ದಶಕದ ಕೊನೆಯಲ್ಲಿ ಕಾಂಡಕೊರಕ ಹುಳು ಮೈಸೂರಿನ ತೋಟಗಳನ್ನು ತಿಂದುಹಾಕಿದಾಗ ಮರದ ನೆರಳಿಲ್ಲದೆ ಕಾಫಿ ಉಳಿಯದು ಎಂಬ ಪಾಠವನ್ನು ಅವನ ತಲೆಮಾರಿನ ಪ್ಲಾಂಟರುಗಳು ಕಲಿತರು. 1894ರ ಪುಸ್ತಕದ ಉಪಶೀರ್ಷಿಕೆ ಅದನ್ನು ಮೈಸೂರು ಪ್ಲಾಂಟರನೊಬ್ಬನ 38 ವರ್ಷಗಳ ಅನುಭವ ಎಂದು ಕರೆಯುತ್ತದೆ. ಅಷ್ಟು ವರ್ಷ ಒಂದು ಕಾಲು ಮಲೆನಾಡಿನಲ್ಲಿ, ಇನ್ನೊಂದು ಕಾಲು ಕೆಲ್ಸೋದಲ್ಲಿ ಇಟ್ಟು ಬಾಳಿದ ಮನೆ ಅದು.

ಕಾಫಿಯ ಮನುಷ್ಯ ಚಿನ್ನದ ಅಧ್ಯಾಯ ಬರೆದದ್ದೇಕೆ? ಆ ಹೊತ್ತಿಗೆ ಮೈಸೂರು ಸೀಮೆಯ ಹೆಸರು ಲಂಡನ್ನಿನಲ್ಲಿ ಕೇಳಿಬರುತ್ತಿದ್ದುದೇ ಕೋಲಾರದಿಂದ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಗಡಿ ಅಳೆಯಲು ಬಂದಾಗ ಮಾರಿಕುಪ್ಪಂ, ಉರಿಗಾಂ ಸುತ್ತಲಿನ ಜನ ಮಣ್ಣು ತೊಳೆದು, ಕಲ್ಲು ಕುಟ್ಟಿ ಚಿನ್ನ ತೆಗೆಯುತ್ತಿದ್ದುದನ್ನು ಕಂಡು ಬರೆದಿಟ್ಟ. ಆ ಬರಹ ಓದಿದ ಐರಿಷ್ ನಿವೃತ್ತ ಸೈನಿಕ ಮೈಕೆಲ್ ಲವೆಲ್, ಬೆಂಗಳೂರು ದಂಡಿನಿಂದ 1871ರಲ್ಲಿ ಎತ್ತಿನಗಾಡಿಯಲ್ಲಿ ಇಲ್ಲಿಗೆ ಬಂದು ನೆಲ ನೋಡಿ, 1875ರಲ್ಲಿ ಪರವಾನಗಿ ಪಡೆದ. ಅವನ ಬಳಿ ಬಂಡವಾಳವಿರಲಿಲ್ಲ; ಹಕ್ಕು ಸೇನಾಧಿಕಾರಿಗಳ ಕೂಟದ ಕೈಗೆ, ಅಲ್ಲಿಂದ 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆ ಹೋಯಿತು. ಅದೇ ವೇಳೆಗೆ ವಯನಾಡಿನ ಚಿನ್ನದ ಹುಚ್ಚಿನಲ್ಲಿ ಲಂಡನ್ನಿನ ಹಣ ನೀರಿನಂತೆ ಹರಿದು ಮುಳುಗಿತ್ತು. ಕೋಲಾರದ ಮೈಸೂರು ಗಣಿ ಕಂಪನಿಯ ಹಣವೂ ತಳ ಮುಟ್ಟಿತ್ತು. ಇನ್ನು ಮುಚ್ಚುವುದೇ ಸರಿ ಎಂಬ ಮಾತು ಬಂದ ಹೊತ್ತಿನಲ್ಲಿ ಗಣಿಯ ಕ್ಯಾಪ್ಟನ್ ಪ್ಲಮ್ಮರ್ ಎಂಬವನು ಹಳಬರ ತೋಡುಗಳ ಕೆಳಗೆ ಇನ್ನೂ ಆಳಕ್ಕಿಳಿದು ಚಾಂಪಿಯನ್ ಪದರವನ್ನು ಮುಟ್ಟಿದ. ಅಲ್ಲಿಂದ ಮೈಸೂರು, ಉರಿಗಾಂ, ನಂದಿದುರ್ಗ, ಚಾಂಪಿಯನ್ ರೀಫ್ ಗಣಿಗಳ ಲಾಭಾಂಶ ಲಂಡನ್ನಿನ ಪಾಲುದಾರರ ಮನೆ ಸೇರತೊಡಗಿತು. ಎಲಿಯಟ್‌ನಂಥ ಭೂಮಾಲೀಕ ತನ್ನ ಪುಸ್ತಕದ ಹೆಸರಿನಲ್ಲಿ ಚಿನ್ನಕ್ಕೆ ಮೊದಲ ಸ್ಥಾನ ಕೊಟ್ಟನೆಂದರೆ, ಅವನ ಓದುಗರ ಆಸಕ್ತಿ ಎಲ್ಲಿತ್ತೆಂದು ಬೇರೆ ಹೇಳಬೇಕಿಲ್ಲ.

ಪುಸ್ತಕದ ಇನ್ನೊಂದು ಅಧ್ಯಾಯ ನಮ್ಮ ವಾದಕ್ಕೆ ಚಿನ್ನಕ್ಕಿಂತ ಹೆಚ್ಚು ಬೆಳಕು ಕೊಡುತ್ತದೆ. ಅದು ಭಾರತದ ಬೆಳ್ಳಿ ನಾಣ್ಯದ ಪ್ರಶ್ನೆ. 1870ರ ದಶಕದ ಆರಂಭದಲ್ಲಿ ಒಂದು ರೂಪಾಯಿಗೆ ಹೆಚ್ಚುಕಡಿಮೆ ಎರಡು ಶಿಲ್ಲಿಂಗ್, ಅಂದರೆ 24 ಪೆನ್ಸ್ ಸಿಗುತ್ತಿತ್ತು. ಬೆಳ್ಳಿಯ ಬೆಲೆ ಬೀಳುತ್ತ ಹೋಗಿ, 1893ರಲ್ಲಿ ಸರ್ಕಾರ ಬೆಳ್ಳಿಗೆ ಟಂಕಸಾಲೆಯ ಬಾಗಿಲು ಮುಚ್ಚುವ ಹೊತ್ತಿಗೆ ರೂಪಾಯಿ 15 ಪೆನ್ಸ್ ಆಸುಪಾಸಿಗೆ ಇಳಿದಿತ್ತು. ಇದರ ಅರ್ಥ ಸರಳ. ಕಾಫಿಯೂ ಚಿನ್ನವೂ ಲಂಡನ್ನಿನಲ್ಲಿ ಪೌಂಡಿಗೆ ಮಾರಾಟವಾಗುತ್ತಿದ್ದವು. ಕೂಲಿ ಮಾತ್ರ ಇಲ್ಲಿ ರೂಪಾಯಿಯಲ್ಲಿ ಸಲ್ಲುತ್ತಿತ್ತು. ರೂಪಾಯಿ ಇಳಿದಷ್ಟೂ ಅದೇ ಕೂಲಿಗೆ ಬೇಕಾಗುವ ಪೌಂಡು ಕಡಿಮೆ, ಮಾಲೀಕನಿಗೆ ಉಳಿಯುವುದು ಹೆಚ್ಚು. ಮಾರಿಕುಪ್ಪಂನಲ್ಲಿ ಬಂಡೆ ಕೊರೆಯುವವನಿಗೂ ಮಂಜರಾಬಾದಿನಲ್ಲಿ ಹಣ್ಣು ಬಿಡಿಸುವವಳಿಗೂ ವಿನಿಮಯ ದರವೆಂಬ ಮಾತೇ ತಿಳಿದಿರಲಿಕ್ಕಿಲ್ಲ. ಆದರೆ ಇಬ್ಬರ ಬೆವರನ್ನೂ ಪೌಂಡಾಗಿ ಹಿಗ್ಗಿಸಿದ್ದು ಅದೇ ದರ. ಕಾಫಿ, ಚಿನ್ನ, ಬೆಳ್ಳಿ ಒಬ್ಬನೇ ಲೇಖಕನ ಒಂದೇ ಪುಸ್ತಕದಲ್ಲಿ ಕೂಡಿಬಂದದ್ದು ಇದೇ ಕಾರಣಕ್ಕೆ. ಅವು ಬೇರೆಬೇರೆ ವಿಷಯಗಳೇ ಅಲ್ಲ, ಒಂದೇ ಲೆಕ್ಕದ ಮೂರು ಕಲಮುಗಳು.

ಹಣ ಅಲ್ಲಿಗೆ ಹೋದ ಹಾಗೆ, ಅಲ್ಲಿನ ಸಮಾಜದ ಅಚ್ಚು ಇಲ್ಲಿಗೆ ಬಂತು. ಕೋಲಾರದ ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್‌ಗೆ 'ಲಿಟಲ್ ಇಂಗ್ಲೆಂಡ್' ಎಂಬ ಹೆಸರಿದ್ದುದನ್ನು ಇಂದಿಗೂ ಹೆಮ್ಮೆಯಿಂದ ಹೇಳಲಾಗುತ್ತದೆ. ಕ್ಲಬ್ಬು, ಗಾಲ್ಫ್ ಮೈದಾನ, ಹೂದೋಟದ ನಡುವಿನ ಬಂಗಲೆ, ಇಗರ್ಜಿ, ಎಲ್ಲವೂ ಇದ್ದವು. ಅದೇ ನೋಟದಲ್ಲಿ ಕಾಣಬೇಕಾದ ಇನ್ನೊಂದು ಊರೂ ಇತ್ತು. ಉತ್ತರ ಆರ್ಕಾಟು, ಸೇಲಂ ಕಡೆಗಳಿಂದ ಮೇಸ್ತ್ರಿಗಳ ಮೂಲಕ ಬಂದ, ಬಹುಪಾಲು ದಲಿತರಾದ ತಮಿಳು ಕಾರ್ಮಿಕರು ತಟ್ಟಿಯ ಗೋಡೆಯ ಲೈನ್ ಮನೆಗಳಲ್ಲಿ ಸಾಲಾಗಿ ಬದುಕಿದರು. ಪಾಳಿ ಮುಗಿಸಿ ಮೇಲೆ ಬಂದಾಗ ಮೈ ತಡವಿ ತಪಾಸಣೆ ನಡೆಯುತ್ತಿತ್ತು. ಬೆರಳಚ್ಚು ಕೊಡಬೇಕೆಂಬ ಕಟ್ಟಳೆ ಬಂದಾಗ 1930ರಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿ ಎದ್ದುನಿಂತರು. ಮಹಲಿನ ಒಡೆಯ ಒಂದೆಡೆ, ಗೇಣಿದಾರ ಇನ್ನೊಂದೆಡೆ ಎಂಬ ಸ್ಕಾಟಿಷ್ ಹಳ್ಳಿಯ ಅಂತರ ಇಲ್ಲಿ ಜಾತಿಯ ಅಂತರದೊಂದಿಗೆ ಬೆರೆತು ಮತ್ತಷ್ಟು ಗಟ್ಟಿಯಾಯಿತು.

ಈ ವಾದಕ್ಕೆ ಎದುರು ಮಾತುಗಳಿವೆ. ಅವು ಹಗುರವಾದವೂ ಅಲ್ಲ. ಬ್ರಿಟಿಷರ ಬಂಡವಾಳ, ತಂತ್ರಜ್ಞಾನ, ಎದೆಗಾರಿಕೆ ಇಲ್ಲದಿದ್ದರೆ ಚಿನ್ನ ಭೂಮಿಯಲ್ಲೇ ಉಳಿಯುತ್ತಿರಲಿಲ್ಲವೇ, ಮೈಸೂರು ಸರ್ಕಾರಕ್ಕೆ ರಾಜಧನ ಸಿಗಲಿಲ್ಲವೇ, ಗಣಿಯ ದೆಸೆಯಿಂದಲ್ಲವೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದದ್ದು, ಎಂದು ಕೇಳುವವರಿದ್ದಾರೆ. ಮೂರೂ ನಿಜ. ಸಾವಿರಾರು ಅಡಿ ಆಳಕ್ಕೆ ಇಳಿಯುವುದು ಕೈಗುದ್ದಲಿಯ ಕೆಲಸವಲ್ಲ. ಶಿವನಸಮುದ್ರದ ವಿದ್ಯುತ್ತಿನಿಂದಲೇ 1905ರಲ್ಲಿ ಬೆಂಗಳೂರಿನ ಬೀದಿಗಳೂ ಬೆಳಗಿದವು. ಆದರೆ ಬಂಡವಾಳ ಹೂಡಿದವನ ಪಾಲನ್ನು ಒಪ್ಪಿದ ಮಾತ್ರಕ್ಕೆ ಇಳಿದವನ ಪಾಲನ್ನು ಅಳಿಸಬೇಕಾಗಿಲ್ಲ. ನಷ್ಟವಾದರೆ ಪಾಲುದಾರ ಕಳೆದುಕೊಳ್ಳುತ್ತಿದ್ದುದು ಹಣ; ಕಲ್ಲು ಸಿಡಿದರೆ ಕಾರ್ಮಿಕ ಕಳೆದುಕೊಳ್ಳುತ್ತಿದ್ದುದು ಜೀವ. ವಿದ್ಯುತ್ತಿನ ತಂತಿ ಸುಮಾರು 150 ಕಿಲೋಮೀಟರ್ ದಾಟಿ ಮೊದಲು ತಲುಪಿದ್ದು ಗಣಿಯನ್ನು. ದಾರಿಯ ಹಳ್ಳಿಗಳು ದಶಕಗಳ ಕಾಲ ಕತ್ತಲಲ್ಲೇ ಇದ್ದವು.

ಇನ್ನೊಂದು ಆಕ್ಷೇಪ ಇನ್ನೂ ಸೂಕ್ಷ್ಮವಾದದ್ದು. ಗಣಿ ನಡೆಸಿದ ಟೇಲರರು ನಾರ್ವಿಚ್ ಮೂಲದ ಎಂಜಿನಿಯರರು, ಭೂಮಾಲೀಕರಲ್ಲ. ಪಾಲುದಾರರಲ್ಲಿ ಮಧ್ಯಮ ವರ್ಗದವರೂ ಇದ್ದರು. ಎಲಿಯಟ್‌ನ ಸಂಪಾದನೆ ಕಾಫಿಯದು. ಹಾಗಿರುವಾಗ ಕೋಲಾರವನ್ನು ಸ್ಕಾಟ್ಲೆಂಡಿನ ಮಹಲಿಗೆ ಕಟ್ಟುವುದು ಸರಿಯೇ ಎಂಬುದು. ಕ್ಲಿಫ್ಟನ್ ಪಾರ್ಕಿನ ಇಟ್ಟಿಗೆ ಇಟ್ಟಿಗೆಯೂ ಕೋಲಾರದ ಚಿನ್ನ ಎಂಬುದು ಇಲ್ಲಿನ ವಾದವಲ್ಲ. ಒಂದು ವರ್ಗದ ಬದುಕಿನ ರೀತಿಯನ್ನು ಒಟ್ಟಾರೆ ಯಾವುದು ಎತ್ತಿಹಿಡಿದಿತ್ತು ಎಂಬುದು ಪ್ರಶ್ನೆ. ಆ ಕಾಲದ ಮೇಲುವರ್ಗದ ಕೂಟಗಳಲ್ಲಿ ಅರ್ಲ್, ಬ್ಯಾಂಕರು, ಪ್ಲಾಂಟರು, ಗಣಿ ಕಂಪನಿಯ ನಿರ್ದೇಶಕ ಒಂದೇ ಮೇಜಿನ ಸುತ್ತ ಬರತೊಡಗಿದ್ದರು. ಹಳೆಯ ಗೌರವಕ್ಕೆ ಹೊಸ ಹಣ ಬೇಕಿತ್ತು, ಹೊಸ ಹಣಕ್ಕೆ ಹಳೆಯ ಗೌರವ ಬೇಕಿತ್ತು. ಎಲಿಯಟ್‌ನ ಪುಸ್ತಕ ಈ ಕೂಡಾವಳಿಯ ದಾಖಲೆ. ಅವನು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೂ ಅದರಲ್ಲಿ ಜಾಗ ಕೊಟ್ಟ. ಅದು ಸಣ್ಣ ಮಾತಲ್ಲ. ಆದರೆ 1881ರಲ್ಲಿ ಶುರುವಾದ ಆ ಸಭೆಯಲ್ಲಿ ಕೂರುತ್ತಿದ್ದವರು ಜಮೀನುದಾರರು, ವರ್ತಕರು. ಗಣಿಗಿಳಿಯುವವನಿಗೆ ಅಲ್ಲಿ ಆಸನವಿರಲಿಲ್ಲ.

ಕೊನೆಯ ಹೋಲಿಕೆಯೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎಲಿಯಟ್ ತನ್ನ ಊರಿನಲ್ಲಿ ಸವೆದ ನೆಲವನ್ನು ಮತ್ತೆ ಫಲವತ್ತಾಗಿಸಲು ಆಳಕ್ಕೆ ಬೇರಿಳಿಸುವ ಚಿಕರಿಯಂಥ ಗಿಡಗಳನ್ನು ಹುಲ್ಲಿನೊಂದಿಗೆ ಬಿತ್ತುವ ಕ್ರಮವನ್ನು ಬೆಳೆಸಿದ. 1898ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಕ್ಲಿಫ್ಟನ್ ಪಾರ್ಕ್ ಪದ್ಧತಿ ಎಂದು ಕೃಷಿಯ ಚರಿತ್ರೆಯಲ್ಲಿ ಅದಕ್ಕೆ ಹೆಸರಿದೆ. ಇದು ಮೆಚ್ಚಬೇಕಾದ ಕೆಲಸ. ಆದರೆ ಒಡೆಯ ವಾಸವಿದ್ದ ನೆಲಕ್ಕೆ ಸಿಕ್ಕ ಆರೈಕೆ, ಒಡೆಯ ದೂರವಿದ್ದ ನೆಲಕ್ಕೆ ಸಿಗಲಿಲ್ಲ. 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಕೆ.ಜಿ.ಎಫ್‌ನಲ್ಲಿ ಉಳಿದದ್ದು ಸೈನೈಡ್ ದಿಬ್ಬಗಳು. ಗಾಳಿ ಬೀಸಿದಾಗ ಇಂದಿಗೂ ಅವುಗಳ ದೂಳು ಮನೆಗಳ ಮೇಲೆ ಕೂರುತ್ತದೆ. 1956ರಲ್ಲಿ ಗಣಿ ರಾಷ್ಟ್ರೀಕರಣವಾದ ಮೇಲೆ ನಮ್ಮ ಸರ್ಕಾರಗಳೂ ಈ ನೆಲದ ಋಣ ತೀರಿಸಲಿಲ್ಲ. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ತಪ್ಪನ್ನೆಲ್ಲ ವಿಕ್ಟೋರಿಯಾ ಕಾಲದವರ ತಲೆಗೆ ಕಟ್ಟಿದರೆ ನಮ್ಮ ಪಾಲಿನ ಹೊಣೆ ಮರೆತಂತೆ.

ಆದ್ದರಿಂದ ಕೋರಿಕೆ ಇಷ್ಟೆ. ಶಾಲೆಯ ಪಾಠದಲ್ಲಿ ಇಂಗ್ಲೆಂಡು, ಸ್ಕಾಟ್ಲೆಂಡುಗಳ ಸಿರಿಯ ಕಾಲವನ್ನು ಒಂದು ಕಡೆ, ಕೋಲಾರದ ಚಿನ್ನವನ್ನು ಇನ್ನೊಂದು ಕಡೆ ಹೇಳುವುದನ್ನು ಬಿಟ್ಟು, ಎರಡನ್ನೂ ಒಂದೇ ಕಥೆಯಾಗಿ ಹೇಳಬೇಕು. ಬಂಗಾರಪೇಟೆಗೆ ಕಮಿಷನರ್ ಬೌರಿಂಗ್‌ನ ನೆನಪಿನಲ್ಲಿ ಬೌರಿಂಗ್‌ಪೇಟೆ ಎಂಬ ಹೆಸರಿತ್ತು, ರಾಬರ್ಟ್‌ಸನ್‌ಪೇಟೆ ಇಂದಿಗೂ ರೆಸಿಡೆಂಟನ ಹೆಸರು ಹೊತ್ತಿದೆ. ಆಳಕ್ಕಿಳಿದವರ ಹೆಸರೂ ಊರಿನ ನೆನಪಿನಲ್ಲಿ ಅಷ್ಟೇ ದೊಡ್ಡದಾಗಿ ನಿಲ್ಲಬೇಕು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲುದಾರಿ ಹಾಕಿದ್ದು ಚಿನ್ನಕ್ಕಾಗಿ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಕೂಲಿ ಹುಡುಕಿಕೊಂಡು ಪ್ರತಿದಿನ ಬೆಂಗಳೂರಿಗೆ ಹೋಗಿಬರುವುದು ಅದೇ ದಾರಿಯಲ್ಲಿ.